ಉದ್ದ ಸೈಕಲ್ಲೋ, ಗಿಡ್ಡ ಸೈಕಲ್ಲೋ?

ಮೇ ತಿಂಗಳ ಕೊನೆ ಬಂತೆಂದರೆ ಸೈಕಲ್ ಅಂಗಡಿಗಳಲ್ಲಿ ಅಪ್ಪ-ಮಕ್ಕಳ ಸಣ್ಣಪುಟ್ಟ ಜಗಳಗಳು ಶುರುವಾಗುತ್ತವೆ. ಹತ್ತನೇ ತರಗತಿ ಪಾಸಾದರೆ ಸೈಕಲ್ ಕೊಡಿಸುತ್ತೇನೆಂದು ಮಾತು ಕೊಟ್ಟ ತಂದೆ ಬೆಲೆಚೀಟಿ ನೋಡುತ್ತಾರೆ. ಮಗ ಬಣ್ಣ ನೋಡುತ್ತಾನೆ, ಮಗಳು ಗೇರು ಎಣಿಸುತ್ತಾಳೆ. ಅಂಗಡಿಯವರು ನಡುವೆ ಬಾಯಿ ಹಾಕಿ, "ಬೆಳೆಯೋ ಮಕ್ಕಳು ಸಾರ್, ಒಂದು ಸೈಜ್ ದೊಡ್ಡದೇ ತಗೊಂಡ್ಬಿಡಿ, ಕಾಲೇಜು ಮುಗಿಯೋವರೆಗೂ ನಡೆಯುತ್ತೆ" ಎನ್ನುತ್ತಾರೆ. ಕೊನೆಗೆ ಗೆಲ್ಲುವುದು ಹೆಚ್ಚಾಗಿ ಅಂಗಡಿಯವರ ಮಾತೇ. ಇಷ್ಟೆಲ್ಲ ಚರ್ಚೆಯ ನಡುವೆ ಯಾರೂ ಕೇಳದೆ ಉಳಿಯುವ ಪ್ರಶ್ನೆ ಒಂದಿದೆ: ಈ ಸೈಕಲ್ಲಿನ ಎರಡು ಚಕ್ರಗಳ ನಡುವೆ ಎಷ್ಟು ದೂರವಿದೆ?

ಮುಂದಿನ ಚಕ್ರದ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿನವರೆಗಿನ ಈ ದೂರಕ್ಕೆ ವೀಲ್‌ಬೇಸ್ ಎನ್ನುತ್ತಾರೆ. ದಪ್ಪ ಟೈರಿನ ಮೌಂಟನ್ ಬೈಕುಗಳಲ್ಲಿ ಇದು ಸುಮಾರು 104 ಸೆಂಟಿಮೀಟರಿನಿಂದ 120 ಸೆಂಟಿಮೀಟರಿನವರೆಗೆ ಇರುತ್ತದೆ. ಹತ್ತು ಸೆಂಟಿಮೀಟರ್ ಹೆಚ್ಚು ಕಡಿಮೆಯಾದರೆ ಏನು ಮಹಾ ಎನ್ನಬಹುದು. ಆದರೆ ಸೈಕಲ್ ತಿರುಗುವ ರೀತಿ, ಏರು ಹತ್ತುವ ರೀತಿ, ಮುಂದಿನ ಬ್ರೇಕು ಒತ್ತಿದಾಗ ಸವಾರನನ್ನು ಮುಂದಕ್ಕೆ ಎತ್ತಿ ಹಾಕುವುದೋ ಇಲ್ಲವೋ ಎನ್ನುವುದರಲ್ಲೆಲ್ಲ ಈ ಹತ್ತು ಸೆಂಟಿಮೀಟರಿನ ಕೈವಾಡ ಇದೆ.

ಇಲ್ಲಿ ಹೇಳುತ್ತಿರುವುದು ಶಾಕ್ ಅಬ್ಸಾರ್ಬರ್ ಇಲ್ಲದ, ಮುಂದೆ ಗಟ್ಟಿ ಫೋರ್ಕ್ ಇರುವ ಮೌಂಟನ್ ಬೈಕುಗಳ ಬಗ್ಗೆ. ಶಾಕ್ ಇರುವ ಸೈಕಲ್ಲಿನಲ್ಲಿ ಸ್ಪ್ರಿಂಗು ಕುಗ್ಗಿದಂತೆಲ್ಲ ವೀಲ್‌ಬೇಸ್ ಕೂಡ ಬದಲಾಗುತ್ತಿರುತ್ತದೆ. ಗಟ್ಟಿ ಫೋರ್ಕಿನಲ್ಲಿ ಹಾಗಿಲ್ಲ. ಅಂಗಡಿಯಲ್ಲಿ ಅಳೆದ ಅಳತೆಯೇ ರಸ್ತೆಯಲ್ಲೂ ಇರುತ್ತದೆ. ವಿದ್ಯಾರ್ಥಿಗಳಿಗೆ ಈ ಬಗೆಯೇ ವಾಸಿ ಎಂಬುದು ಈ ಲೇಖಕನ ಅಭಿಪ್ರಾಯ. ಕಡಿಮೆ ಬೆಲೆಯ ಸೈಕಲ್ಲಿಗೆ ಹಾಕುವ ಅಗ್ಗದ ಶಾಕ್ ಮಾಡುವ ಮುಖ್ಯ ಕೆಲಸವೆಂದರೆ ತೂಕ ಹೆಚ್ಚಿಸುವುದು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ತುಕ್ಕು ಹಿಡಿದು, ಕುಗ್ಗುವುದನ್ನೇ ಮರೆತಿರುವುದೂ ಉಂಟು.

ಪೇಪರ್ ಹುಡುಗರ ಸೈಕಲ್ಲು

ಉದ್ದ-ಗಿಡ್ಡಗಳ ಈ ವಾದ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯ ಗುಡ್ಡಗಳಲ್ಲಿ. 1970ರ ದಶಕದಲ್ಲಿ ಅಲ್ಲಿನ ಯುವಕರು ಹಳೆಯ ಶ್ವಿನ್ ಎಕ್ಸೆಲ್ಸಿಯರ್ ಸೈಕಲ್ಲುಗಳನ್ನು ಗುಜರಿಯಿಂದ ಹುಡುಕಿ ತಂದು, ಗುಡ್ಡದ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. ಇವು ಪತ್ರಿಕೆ ಹಂಚುವ ಹುಡುಗರು ಬಳಸುತ್ತಿದ್ದಂಥ ಭಾರವಾದ ಸೈಕಲ್ಲುಗಳು. ಶ್ವಿನ್ ಕಂಪೆನಿ 1933ರಲ್ಲಿ ತಂದ ಬಲೂನಿನಂಥ ದಪ್ಪ ಟೈರು ಅವುಗಳ ವಿಶೇಷ. ಹಳೆಯ ಸೈಕಲ್ಲುಗಳು ಬೇಕಾದಷ್ಟಿದ್ದರೂ ಎಕ್ಸೆಲ್ಸಿಯರ್ ಚೌಕಟ್ಟಿಗೇ ಅವರು ಮುಗಿಬೀಳಲು ಕಾರಣ ಅದರ ಉದ್ದ ಮೈಕಟ್ಟು. ಹಿಂಚಕ್ರ ಹಿಂದಕ್ಕೆ, ಮುಂಚಕ್ರ ಮುಂದಕ್ಕೆ ಚಾಚಿಕೊಂಡ ಆ ಸೈಕಲ್ಲು ಇಳಿಜಾರಿನಲ್ಲಿ ಹುಚ್ಚು ವೇಗದಲ್ಲಿ ಹೋದರೂ ಅಡ್ಡಾದಿಡ್ಡಿಯಾಗುತ್ತಿರಲಿಲ್ಲ.

ಫೇರ್‌ಫ್ಯಾಕ್ಸ್ ಊರಿನ ಬಳಿ ಸುಮಾರು 3 ಕಿಲೋಮೀಟರಿನಲ್ಲಿ 400 ಮೀಟರ್ ಕೆಳಕ್ಕಿಳಿಯುವ ಒಂದು ದಾರಿಯಲ್ಲಿ 1976ರಲ್ಲಿ ಪಂದ್ಯ ಶುರುವಾಯಿತು. ಹಿಂದಕ್ಕೆ ಪೆಡಲು ತುಳಿದರೆ ಹಿಡಿಯುವ ಹಳೆಯ ಬ್ರೇಕು ಈ ಇಳಿಜಾರಿನಲ್ಲಿ ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಮತ್ತೆ ಗ್ರೀಸು ತುಂಬಬೇಕು. ಹಾಗಾಗಿಯೇ ಆ ದಾರಿಗೆ 'ರೀಪ್ಯಾಕ್' ಎಂದು ಹೆಸರು ಬಿತ್ತು. ಅಲ್ಲಿ ಓಡಿಸುತ್ತಿದ್ದವರಲ್ಲಿ ಒಬ್ಬರಾದ ಜೋ ಬ್ರೀಝ್ 1977ರಲ್ಲಿ ಈ ಕೆಲಸಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. ಅವರು ಅಳತೆಗೆ ಆಧಾರವಾಗಿ ಇಟ್ಟುಕೊಂಡದ್ದು ಆ ಹಳೆಯ ಎಕ್ಸೆಲ್ಸಿಯರನ್ನೇ. 1979ರಲ್ಲಿ ಟಾಮ್ ರಿಚಿ ಕಟ್ಟಿದ ಚೌಕಟ್ಟುಗಳನ್ನು ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 'ಮೌಂಟನ್ ಬೈಕ್ಸ್' ಎಂಬ ಹೆಸರಿನಲ್ಲಿ ಮಾರತೊಡಗಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪೆನಿ ಜಪಾನಿನಲ್ಲಿ ಮಾಡಿಸಿ ತಂದ ಸ್ಟಂಪ್‌ಜಂಪರ್ ಈ ಬಗೆಯ ಸೈಕಲ್ಲನ್ನು ಸಾಮಾನ್ಯ ಅಂಗಡಿಗಳಿಗೂ ಮುಟ್ಟಿಸಿತು. ಇವೆಲ್ಲವೂ ಉದ್ದ ಸೈಕಲ್ಲುಗಳೇ.

ಆಮೇಲೆ ಗಾಳಿ ತಿರುಗಿತು. ಅಗಲ ಮಣ್ಣುದಾರಿ ಬಿಟ್ಟು ಸವಾರರು ಮರಗಳ ನಡುವಿನ ಕಾಲುದಾರಿಗೆ ನುಗ್ಗಿದರು, ಇಳಿಯುವುದರ ಜೊತೆಗೆ ಹತ್ತುವ ಪಂದ್ಯಗಳೂ ಬಂದವು. ಅಲ್ಲಿ ಚುರುಕಾಗಿ ತಿರುಗುವ ಸೈಕಲ್ ಬೇಕಾಯಿತು. 1980ರ ದಶಕ ಮುಗಿಯುವ ಹೊತ್ತಿಗೆ ಚೌಕಟ್ಟುಗಳು ಗಿಡ್ಡವಾದವು, ಮುಂದಿನ ಫೋರ್ಕ್ ನೆಟ್ಟಗಾಯಿತು. ಚಕ್ಕನೆ ತಿರುಗುತ್ತಿದ್ದ ಈ ಸೈಕಲ್ಲುಗಳು ಕಡಿದಾದ ಇಳಿಜಾರಿನಲ್ಲಿ ಸವಾರನನ್ನು ಅಷ್ಟೇ ಚಕ್ಕನೆ ಹ್ಯಾಂಡಲಿನ ಮೇಲಿಂದ ಎಸೆಯುತ್ತಲೂ ಇದ್ದವು. 1998ರಲ್ಲಿ ಗ್ಯಾರಿ ಫಿಶರ್ ಹೆಸರಿನ ಬೈಕುಗಳಲ್ಲಿ ಚೌಕಟ್ಟಿನ ಮುಂಭಾಗ ಉದ್ದವಾಯಿತು, ಹಿಂಭಾಗ ಗಿಡ್ಡವೇ ಉಳಿಯಿತು. 2012ರ ಹೊತ್ತಿಗೆ ಸ್ಪೇನಿನ ಮಾಂಡ್ರೇಕರ್ ಕಂಪೆನಿ ಅದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಯಿತು. ಶಾಕ್ ಇಲ್ಲದ ಬೈಕುಗಳ ಪಕ್ಷಪಾತಿಯಾದ ಒರೆಗಾನ್ ರಾಜ್ಯದ ಜೆಫ್ ಜೋನ್ಸ್ ಎಂಬ ವಿನ್ಯಾಸಕಾರರಂತೂ ಉದ್ದ ವೀಲ್‌ಬೇಸಿನದೊಂದು, ಗಿಡ್ಡ ವೀಲ್‌ಬೇಸಿನದೊಂದು ಎಂದು ಎರಡನ್ನೂ ಮಾಡಿ ಆಯ್ಕೆಯನ್ನು ಕೊಳ್ಳುವವರಿಗೇ ಬಿಟ್ಟಿದ್ದಾರೆ.

ಹತ್ತು ಸೆಂಟಿಮೀಟರಿನ ಲೆಕ್ಕ

ಕಥೆ ಸಾಕು, ಲೆಕ್ಕಕ್ಕೆ ಬರೋಣ. ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದರೆ ತಾವೇ ಮಾಡಬಹುದಾದ ಲೆಕ್ಕ ಇದು. ಒಂದು ಸೈಕಲ್ಲಿನ ವೀಲ್‌ಬೇಸ್ 105 ಸೆಂ.ಮೀ., ಇನ್ನೊಂದರದು 115 ಎಂದುಕೊಳ್ಳಿ. ಹೆಚ್ಚಿನ ಹತ್ತರಲ್ಲಿ ನಾಲ್ಕು ಸೆಂ.ಮೀ. ಹಿಂದಕ್ಕೆ, ಆರು ಸೆಂ.ಮೀ. ಮುಂದಕ್ಕೆ ಸೇರಿದೆ ಎಂದಿಟ್ಟುಕೊಳ್ಳೋಣ.

ಮೊದಲು ತಿರುವು. ಸೈಕಲ್ಲನ್ನು ವಾಲಿಸದೆ ನಿಧಾನವಾಗಿ ನಡೆಸುತ್ತ ಮುಂಚಕ್ರವನ್ನು 20 ಡಿಗ್ರಿ ತಿರುಗಿಸಿದರೆ ಹಿಂಚಕ್ರ ಒಂದು ವೃತ್ತದಲ್ಲಿ ಸುತ್ತುತ್ತದೆ. ವೀಲ್‌ಬೇಸನ್ನು 20 ಡಿಗ್ರಿಯ ಟ್ಯಾಂಜೆಂಟಿನಿಂದ, ಅಂದರೆ 0.364ರಿಂದ ಭಾಗಿಸಿದರೆ ಆ ವೃತ್ತದ ತ್ರಿಜ್ಯ ಸಿಗುತ್ತದೆ. ಗಿಡ್ಡ ಸೈಕಲ್ಲಿಗೆ ಸುಮಾರು 2.88 ಮೀಟರ್, ಉದ್ದದ್ದಕ್ಕೆ 3.16 ಮೀಟರ್. ವ್ಯತ್ಯಾಸ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಶಾಲೆಗೆ ಹೋಗುವ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಾಫಿ ತೋಟದ ಗಿಡಗಳ ನಡುವೆಯೋ, ಬಂಡೆಗಳ ಸಂದಿಯಲ್ಲೋ ತಿರುಗಿಸಬೇಕಾದಾಗ ಗೇಣೂ ದೊಡ್ಡದಾಗಿ ಕಾಣುತ್ತದೆ.

ಎರಡನೆಯದು ಬ್ರೇಕು. ತಂದೆ ತಾಯಂದಿರು ಗಮನಿಸಬೇಕಾದದ್ದು ಇದನ್ನೇ. ಮುಂದಿನ ಬ್ರೇಕು ಬಲವಾಗಿ ಒತ್ತಿದಾಗ ಹಿಂಚಕ್ರ ನೆಲ ಬಿಟ್ಟು ಏಳುವುದು ಯಾವಾಗ ಎಂಬುದು ಎರಡು ಅಳತೆಗಳ ಮೇಲೆ ನಿಂತಿದೆ: ಸವಾರ ಮತ್ತು ಸೈಕಲ್ ಸೇರಿದ ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ, ಮುಂಚಕ್ರ ನೆಲ ಮುಟ್ಟುವ ಜಾಗದಿಂದ ಎಷ್ಟು ಹಿಂದಿದೆ. ಎತ್ತರ 110 ಸೆಂ.ಮೀ. ಎಂದಿಟ್ಟುಕೊಂಡರೆ, ಗಿಡ್ಡ ಸೈಕಲ್ಲಿನಲ್ಲಿ ಈ ಹಿಂದಿನ ದೂರ ಸುಮಾರು 63 ಸೆಂ.ಮೀ., ಉದ್ದದ್ದರಲ್ಲಿ 69. ಒಣಗಿದ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವಾಗ ಮುಗ್ಗರಿಸದೆ ನಿಲ್ಲಿಸಲು ಗಿಡ್ಡದ್ದಕ್ಕೆ ಕನಿಷ್ಠ 4.3 ಮೀಟರ್ ಬೇಕು, ಉದ್ದದ್ದಕ್ಕೆ 3.9 ಮೀಟರ್ ಸಾಕು. ಒಂದಡಿಗೂ ಹೆಚ್ಚಿನ ಅಂತರ. ಎದುರಿಗೆ ಗಕ್ಕನೆ ಆಟೋ ನಿಂತಾಗ ಒಂದಡಿ ಎಂದರೇನು ಎಂದು ಹೇಳಬೇಕಾಗಿಲ್ಲ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಬೀಳುವುದರಿಂದ ಈ ಅಂತರ ಇನ್ನೂ ಹೆಚ್ಚುತ್ತದೆ.

ಏರಿನಲ್ಲಿ ಎರಡಕ್ಕೂ ಲಾಭವಿದೆ, ನಷ್ಟವೂ ಇದೆ. ಕಡಿದಾದ ಏರಿನಲ್ಲಿ ಗಿಡ್ಡ ಸೈಕಲ್ಲಿನ ಮುಂಚಕ್ರ ಗಾಳಿಯಲ್ಲಿ ತೇಲುತ್ತ ಹ್ಯಾಂಡಲು ಮಾತು ಕೇಳದಾಗುತ್ತದೆ. ಉದ್ದದ್ದು ನೆಲ ಕಚ್ಚಿಕೊಂಡು ಹತ್ತುತ್ತದೆ. ಆದರೆ ಸಡಿಲ ಜಲ್ಲಿಯ ಏರಿನಲ್ಲಿ ಸವಾರ ಸೀಟಿನಿಂದೆದ್ದು ತುಳಿದರೆ ಉದ್ದ ಸೈಕಲ್ಲಿನ ಹಿಂಚಕ್ರ ಜಾರುತ್ತದೆ, ಗಿಡ್ಡದ್ದರ ಚಕ್ರ ಕಾಲಡಿಯಲ್ಲೇ ಇರುವುದರಿಂದ ಹಿಡಿದುಕೊಳ್ಳುತ್ತದೆ. ಕಲ್ಲು, ಬೇರು ಎದುರಾದಾಗ ಮುಂಚಕ್ರವನ್ನು ಎತ್ತಿ ದಾಟಿಸುವುದೂ ಗಿಡ್ಡದ್ದರಲ್ಲಿ ಸುಲಭ. ಶಾಕ್ ಇಲ್ಲದ ಸೈಕಲ್ಲಿನಲ್ಲಿ ಹೀಗೆ ಎತ್ತಿ ದಾಟಿಸುವುದೇ ದಿನದ ಕೆಲಸ.

ಇನ್ನು ಕುಲುಕಾಟ. 'ಉದ್ದ ಸೈಕಲ್ಲು ಮೆತ್ತಗೆ ಹೋಗುತ್ತದೆ' ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಹಿಂಚಕ್ರ 10 ಸೆಂಟಿಮೀಟರಿನ ಉಬ್ಬನ್ನು ಹತ್ತಿದಾಗ ಸೀಟು ಎಷ್ಟು ಮೇಲೇಳುತ್ತದೆ ಎಂದು ಲೆಕ್ಕ ಹಾಕಿದರೆ ಗಿಡ್ಡದ್ದರಲ್ಲಿ ಸುಮಾರು 8.1, ಉದ್ದದ್ದರಲ್ಲಿ 7.9 ಸೆಂ.ಮೀ. ಬರುತ್ತದೆ. ಎರಡು ಮಿಲಿಮೀಟರ್! ಸೈಕಲ್ ಹಿಂದೆ ಮುಂದೆ ತೊನೆಯುವುದು ಉದ್ದದ್ದರಲ್ಲಿ ಸ್ವಲ್ಪ ಕಡಿಮೆಯೆಂಬುದು ನಿಜ. ಆದರೆ ಸೊಂಟಕ್ಕೆ ಸುಖ ಬೇಕಿದ್ದರೆ ಅದು ಸಿಗುವುದು ಟೈರಿನಲ್ಲಿ. ಅಗಲ ಟೈರು ಹಾಕಿ, ಅದರ ಪಕ್ಕದಲ್ಲಿ ಅಚ್ಚೊತ್ತಿದ ಮಿತಿಯೊಳಗೆ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಸಾಕು. ಪಂಕ್ಚರ್ ಅಂಗಡಿಯಲ್ಲಿ ಬೆರಳಿಗೆ ಕಲ್ಲಿನಂತಾಗುವವರೆಗೆ ಗಾಳಿ ಹೊಡೆಸುವ ನಮ್ಮ ಅಭ್ಯಾಸ ಯಾವ ಉದ್ದ ಸೈಕಲ್ಲಿನ ಸುಖವನ್ನೂ ಉಳಿಸುವುದಿಲ್ಲ.

ಉದ್ದ ಇರುವುದು ಎಲ್ಲಿ?

ಹಾಗಾದರೆ ವೀಲ್‌ಬೇಸ್ ಒಂದನ್ನೇ ಕೇಳಿ ಕೊಂಡರೆ ಆಯಿತೇ? ಆಗಲಿಲ್ಲ. ಎರಡು ಸೈಕಲ್ಲುಗಳ ವೀಲ್‌ಬೇಸ್ ಒಂದೇ ಇದ್ದರೂ ಒಂದರಲ್ಲಿ ಉದ್ದ ಹಿಂದಿರಬಹುದು, ಇನ್ನೊಂದರಲ್ಲಿ ಮುಂದಿರಬಹುದು. ಪೆಡಲುಗಳನ್ನು ಜೋಡಿಸುವ ಅಚ್ಚಿನಿಂದ ಹಿಂಚಕ್ರದವರೆಗಿನ ಕೊಳವೆಗೆ ಚೈನ್‌ಸ್ಟೇ ಎನ್ನುತ್ತಾರೆ. ಇದು 42ರಿಂದ 43 ಸೆಂ.ಮೀ. ಇದ್ದರೆ ಗಿಡ್ಡ, 46ರ ಮೇಲಿದ್ದರೆ ಉದ್ದ ಎನ್ನಬಹುದು. ಹಿಂದೆ ಉದ್ದವಿದ್ದರೆ ಏರಿನಲ್ಲಿ, ಹೊರೆ ಹೊರುವುದರಲ್ಲಿ ಲಾಭ. ಮುಂದೆ ಉದ್ದವಿದ್ದರೆ ಇಳಿಜಾರಿನಲ್ಲಿ, ಬ್ರೇಕು ಹಾಕುವುದರಲ್ಲಿ ಲಾಭ.

ಹೊರೆ ಎಂದಾಗ ನಮ್ಮ ಕರಿ ಸೈಕಲ್ಲು ನೆನಪಾಗದೆ ಇರದು. 28 ಇಂಚಿನ ಚಕ್ರದ ಆ ಸೈಕಲ್ಲುಗಳ ವೀಲ್‌ಬೇಸ್ ಮರಿನ್ ಗುಡ್ಡದ ಸೈಕಲ್ಲುಗಳಿಗೇನೂ ಕಡಿಮೆಯಿರಲಿಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗ್ಯಾಸ್ ಸಿಲಿಂಡರು ಏನು ಹೇರಿದರೂ ಮುಂಚಕ್ರ ಏಳುತ್ತಿರಲಿಲ್ಲ. ಚೈನ್‌ಸ್ಟೇ ಉದ್ದವಿದ್ದರೆ ಕ್ಯಾರಿಯರ್ ಮೇಲಿನ ಭಾರ ಹಿಂಚಕ್ರದ ಅಚ್ಚಿನ ನೇರಕ್ಕೆ ಹತ್ತಿರವಾಗಿ ಬರುತ್ತದೆ. ಗಿಡ್ಡ ಮೌಂಟನ್ ಬೈಕಿನಲ್ಲಿ ಅದೇ ಭಾರ ಅಚ್ಚಿನಿಂದ ಹಿಂದಕ್ಕೆ ಜೋತುಬಿದ್ದು ಹ್ಯಾಂಡಲು ಹಗುರಾಗಿ ತೊನೆಯುತ್ತದೆ. ಹತ್ತು ಕಿಲೋ ಪುಸ್ತಕದ ಚೀಲವನ್ನು ದಿನಾ ಕ್ಯಾರಿಯರಿಗೆ ಕಟ್ಟುವ ಹುಡುಗಿಗೂ, ಡಬಲ್ಸ್ ಹೊಡೆಯುವ ಹುಡುಗರಿಗೂ (ಹೊಡೆಯಬಾರದು, ಆದರೂ ಹೊಡೆಯುತ್ತಾರೆ) ಈ ವಿಷಯ ಗೊತ್ತಿರಬೇಕು. ಕಾಲಿನ ಹಿಮ್ಮಡಿ ಚೀಲಕ್ಕೆ ತಾಗುವ ಕಾಟವೂ ಉದ್ದ ಚೈನ್‌ಸ್ಟೇ ಇದ್ದರೆ ತಪ್ಪುತ್ತದೆ.

ಈಗ ಅಂಗಡಿಯವರ 'ಒಂದು ಸೈಜ್ ದೊಡ್ಡದು' ಸಲಹೆಗೆ ಬರೋಣ. ಒಂದೇ ಮಾದರಿಯಲ್ಲಿ ಸೈಜು ಹೆಚ್ಚಿದಂತೆ ವೀಲ್‌ಬೇಸ್ ಕೂಡ ಎರಡು ಮೂರು ಸೆಂಟಿಮೀಟರ್ ಹೆಚ್ಚುತ್ತದೆ. ಉದ್ದ ಸಿಕ್ಕಿತಲ್ಲ ಎಂದು ಸಂತೋಷಪಡುವಂತಿಲ್ಲ. ಈ ಹೆಚ್ಚಳ ಸಾಮಾನ್ಯವಾಗಿ ಸೀಟು ಮತ್ತು ಹ್ಯಾಂಡಲಿನ ನಡುವೆ ಸೇರಿರುತ್ತದೆ. ಮಗು ತೋಳನ್ನು ಕೋಲಿನಂತೆ ಚಾಚಿ ಕೂರಬೇಕಾಗುತ್ತದೆ, ಬ್ರೇಕಿನ ಹಿಡಿ ಬೆರಳಿಗೆ ದೂರವಾಗುತ್ತದೆ, ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಉದ್ದದಿಂದ ಬ್ರೇಕಿಗೆ ಸಿಗಬೇಕಿದ್ದ ಲಾಭವೂ ಅಲ್ಲಿಗೆ ಕರಗಿತು. ಬೆಳೆಯುವ ಮಕ್ಕಳಿಗೆ ಚಪ್ಪಲಿಯನ್ನು ಅರ್ಧ ಇಂಚು ದೊಡ್ಡದು ಕೊಡಿಸಿದರೆ ಹೆಚ್ಚೆಂದರೆ ಎಡವುತ್ತಾರೆ. ಸೈಕಲ್ಲಿನಲ್ಲಿ ಹಾಗೆ ಮಾಡಿದರೆ ಬೀಳುವುದು ರಸ್ತೆಯ ನಡುವೆ. ಇಂದಿನ ಮೈಯಳತೆಗೆ ಸರಿಯಾದ ಸೈಜನ್ನು ಮೊದಲು ಗೊತ್ತು ಮಾಡಿಕೊಂಡು, ಆ ಸೈಜಿನಲ್ಲೇ ಉದ್ದದ ಮಾದರಿ, ಗಿಡ್ಡದ ಮಾದರಿ ಎಂದು ಹೋಲಿಸಬೇಕು. ಸೀಟಿನ ಕೊಳವೆಯನ್ನು ಮೇಲೆತ್ತಲು ಜಾಗವಿದ್ದರೆ ಒಂದೆರಡು ವರ್ಷದ ಬೆಳವಣಿಗೆ ಅದರಲ್ಲೇ ಕಳೆಯುತ್ತದೆ.

ಕುಳ್ಳಗಿರುವ ಮಕ್ಕಳ ಗಿಡ್ಡ ಚೌಕಟ್ಟಿನಲ್ಲಿ ಇನ್ನೊಂದು ತೊಂದರೆಯುಂಟು. ದೊಡ್ಡ ಚಕ್ರ, ಗಿಡ್ಡ ಮುಂಭಾಗ ಎರಡೂ ಸೇರಿದರೆ ಹ್ಯಾಂಡಲು ತಿರುಗಿಸಿದಾಗ ಪಾದದ ತುದಿ ಮುಂದಿನ ಟೈರಿಗೆ ತಾಗುತ್ತದೆ. ನಿಧಾನವಾಗಿ ತಿರುಗುವಾಗಲೇ ಇದು ಕೆಡವುವುದು. 29 ಇಂಚಿನ ಚಕ್ರದ ಫ್ಯಾಷನ್ ಬಂದ ಮೇಲೆ ಇದನ್ನು ನೋಡಿಯೇ ಕೊಳ್ಳಬೇಕು.

ಟೇಪು ಹಿಡಿದು ಹೋಗಿ

ಅಂಗಡಿಗೆ ಹೋಗುವಾಗ ದರ್ಜಿಯ ಟೇಪೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಎರಡೂ ಚಕ್ರಗಳನ್ನು ನೇರ ಮಾಡಿ, ಅಚ್ಚಿನಿಂದ ಅಚ್ಚಿಗೆ ಒಮ್ಮೆ, ಪೆಡಲಿನ ಅಚ್ಚಿನಿಂದ ಹಿಂಚಕ್ರದ ಅಚ್ಚಿಗೆ ಒಮ್ಮೆ ಅಳೆಯಿರಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ. ಮಗುವನ್ನು ಕೂರಿಸಿ, ಪೆಡಲನ್ನು ನೆಲಕ್ಕೆ ಸಮನಾಗಿ ಮುಂದಕ್ಕೆ ನಿಲ್ಲಿಸಿ, ಹ್ಯಾಂಡಲನ್ನು ಎರಡೂ ಕಡೆ ತಿರುಗಿಸಿ ಪಾದ ಮತ್ತು ಟೈರಿನ ನಡುವಿನ ಸಂದು ನೋಡಿ. ದಿನಾ ಹಾಕುವ ಶೂ ಹಾಕಿಕೊಂಡೇ ನೋಡಬೇಕು. ಸೀಟಿನಲ್ಲಿ ಕೂತು ಎರಡು ಬೆರಳಲ್ಲಿ ಬ್ರೇಕು ಹಿಡಿಯಲು ಬರುತ್ತದೆಯೇ, ಮೊಣಕೈ ಸ್ವಲ್ಪ ಬಾಗಿರುತ್ತದೆಯೇ ಎಂಬುದನ್ನೂ ಗಮನಿಸಿ. ಒಪ್ಪಿದರೆ ಓಣಿಯಲ್ಲಿ ನಾಲ್ಕು ಹೆಜ್ಜೆ ಅಂತರದಲ್ಲಿ ಎರಡು ಚಪ್ಪಲಿ ಇಟ್ಟು, ಅವುಗಳ ಸುತ್ತ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿಸಿ. ಉದ್ದ ಸೈಕಲ್ಲು ಎಷ್ಟು ಬೇಸರ ಮಾಡಿಕೊಳ್ಳುತ್ತದೆ ಎಂಬುದು ಸವಾರರಿಗೇ ತಿಳಿಯುತ್ತದೆ.

ದಿನಾ ಐದಾರು ಕಿಲೋಮೀಟರ್ ಶಾಲೆಗೋ ಕಾಲೇಜಿಗೋ ಹೋಗಿ, ಚೀಲ ಕಟ್ಟಿ, ರಜೆಯಲ್ಲಿ ಮಣ್ಣುರಸ್ತೆ ಹಿಡಿದು ದೂರ ಹೋಗುವವರಿಗೆ ಉದ್ದ ವೀಲ್‌ಬೇಸೇ ಸರಿ. ಗುಡ್ಡದ ಕಾಲುದಾರಿ, ಬಂಡೆ, ನೆಗೆತ ಇಂಥ ಹುಚ್ಚು ಹತ್ತಿದ ಹದಿನೇಳರ ಹುಡುಗನಿಗೆ ಗಿಡ್ಡ ಚೈನ್‌ಸ್ಟೇಯ ಸೈಕಲ್ಲನ್ನೇ ಕೊಡಿಸಿ, ಜೊತೆಗೆ ಹೆಲ್ಮೆಟ್ಟನ್ನೂ. ಹಾಸ್ಟೆಲಿನ ಕಿರಿದಾದ ಪಡಸಾಲೆಯಲ್ಲಿ ನಿಲ್ಲಿಸಬೇಕಾದವರು ಆ ಜಾಗವನ್ನೂ ಅಳೆದುಕೊಂಡು ಬರಲಿ.

ಹ್ಯಾಂಡಲು ತುಸು ದೂರವೆನಿಸಿದರೆ ಅದಕ್ಕೆ ದಾರಿಯಿದೆ: ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ ಎಂಬ ತುಂಡನ್ನು ಎರಡು ಮೂರು ಸೆಂಟಿಮೀಟರ್ ಗಿಡ್ಡದ್ದಕ್ಕೆ ಬದಲಿಸಿಕೊಡಲು ಕೇಳಿ. ಹೊಸ ಸೈಕಲ್ ಕೊಳ್ಳುವಾಗಲೇ ಕೇಳಿದರೆ ಹೆಚ್ಚಿನ ಅಂಗಡಿಗಳಲ್ಲಿ ಇಲ್ಲವೆನ್ನುವುದಿಲ್ಲ. ವೀಲ್‌ಬೇಸಿಗೆ ಮಾತ್ರ ಅಂಥ ರಿಪೇರಿ ಇಲ್ಲ.