ತಂತಿಗೂ ಒಂದು ಹೆಸರು ಬೇಕು

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಆದರೂ ಆಸ್ಪತ್ರೆ, ಶಾಲೆ, ಸೊಸೈಟಿ, ಸಣ್ಣ ಕಚೇರಿ, ಎಷ್ಟೋ ಕಡೆ ಮೇಜಿನ ಮೇಲೆ ಫೋನು ಇರುತ್ತೆ. ಈ ಕೋಣೆಯಿಂದ ಆ ಕೋಣೆಗೆ ಮಾತಾಡಬಹುದು. ಅದಕ್ಕೆ ದುಡ್ಡು ಬೀಳಲ್ಲ. ಇದನ್ನು ಇಂಟರ್‌ಕಾಂ ಅಂತೀವಿ.

ಅಕ್ಕ-ತಂಗಿಯರೇ, ನಮ್ಮಲ್ಲಿ ಎಷ್ಟೋ ಜನ ಇಂಥ ಕಡೆ ಕೆಲಸ ಮಾಡುತ್ತೇವೆ. ಕಸ ಗುಡಿಸುತ್ತೇವೆ. ಫೈಲು ಕೊಂಡೊಯ್ಯುತ್ತೇವೆ. ಫೋನು ಬಂದರೆ ಎತ್ತಿ ಕೊಡುತ್ತೇವೆ. ಗೋಡೆಯ ಮೇಲಿನ ತಂತಿಗಳನ್ನು ದಿನಾ ನೋಡುತ್ತೇವೆ. ಅವು ಎಲ್ಲಿಂದ ಬರುತ್ತವೆ? ಎಲ್ಲಿಗೆ ಹೋಗುತ್ತವೆ? ಬನ್ನಿ, ತಿಳಿಯೋಣ.

ಪೆಟ್ಟಿಗೆ ಏನು ಮಾಡುತ್ತೆ?

ಗೋಡೆಯ ಮೇಲೆ ಒಂದು ಸಣ್ಣ ಪೆಟ್ಟಿಗೆ ಇರುತ್ತೆ. ಅದರ ಹೆಸರು ಇ.ಪಿ.ಎ.ಬಿ.ಎಕ್ಸ್. ಹೆಸರು ಉದ್ದ, ಕೆಲಸ ಸುಲಭ. ಅದು ಬಸ್ ನಿಲ್ದಾಣ ಇದ್ದ ಹಾಗೆ. ಎಲ್ಲ ದಾರಿಗಳೂ ಅಲ್ಲಿಗೆ ಬರುತ್ತವೆ. ಅಲ್ಲಿಂದ ಬೇಕಾದ ಕಡೆ ಹೋಗಬಹುದು.

ಒಂದು ಪೆಟ್ಟಿಗೆಗೆ ಹೊರಗಿನಿಂದ 3 ಲೈನು ಬರುತ್ತೆ ಅಂತ ಇಟ್ಟುಕೊಳ್ಳಿ. ಒಳಗೆ 8 ಫೋನು ಇವೆ. 8 ಜನರೂ ಅದೇ 3 ಲೈನು ಹಂಚಿಕೊಳ್ಳುತ್ತಾರೆ. 8 ಲೈನಿಗೆ ಬಾಡಿಗೆ ಕಟ್ಟಬೇಕಿಲ್ಲ.

ಊರಿನ ಟೆಲಿಫೋನ್ ಎಕ್ಸ್‌ಚೇಂಜ್ ಕೂಡ ಇದೇ ಕೆಲಸ ಮಾಡುತ್ತೆ. ರಾಣಿ ಚೆನ್ನಮ್ಮನ ಕಿತ್ತೂರು ಗೊತ್ತಲ್ಲ? 1984ರಲ್ಲಿ ಶುರುವಾದ ಸಿ-ಡಾಟ್ ಎಂಬ ಸರ್ಕಾರಿ ಸಂಸ್ಥೆ ಹಳ್ಳಿಗಳಿಗೆಂದೇ 128 ಲೈನಿನ ಒಂದು ಎಕ್ಸ್‌ಚೇಂಜ್ ಮಾಡಿತು. ಬಿಸಿಲು, ಧೂಳು ತಡೆಯುವಂಥದ್ದು. ಎ.ಸಿ. ಕೋಣೆ ಬೇಕಿಲ್ಲ. ಅದು ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ!

ಎರಡೇ ತಂತಿ

ಒಂದು ಸಾಧಾರಣ ಫೋನಿಗೆ ಬೇಕಾದ್ದು ಎರಡೇ ತಂತಿ. ಎರಡೂ ಸೇರಿ ಒಂದು ಜೋಡಿ. ಜೋಡಿಯಲ್ಲಿ ಒಂದು ತುಂಡಾದರೆ ಫೋನು ಸತ್ತ ಹಾಗೆ. ಎರಡೂ ಒಂದಕ್ಕೊಂದು ತಗುಲಿದರೆ ಯಾರು ಮಾಡಿದರೂ ಎಂಗೇಜ್ ಬರುತ್ತೆ. ತುದಿ ಸಡಿಲವಾದರೆ ಕರಕರ ಸದ್ದು.

ಈ ಎರಡು ತಂತಿಗಳನ್ನು ಹುರಿ ಹೊಸೆದ ಹಾಗೆ ಸುತ್ತಿರುತ್ತಾರೆ. ಯಾಕೆ? ಸುತ್ತಿದ್ದರೆ ಪಕ್ಕದ ಜೋಡಿಯ ಮಾತು ಇದರಲ್ಲಿ ಕೇಳಿಸುವುದು ಕಡಿಮೆ. ಅದಕ್ಕೇ ತುದಿಯಲ್ಲಿ ಬೇಕಾದಷ್ಟು ಮಾತ್ರ ಬಿಡಿಸಬೇಕು.

ಜೋಡಿ ಗುರುತಿಸಲು ಬಣ್ಣ ಇದೆ. ಬಾಯಿಪಾಠ ಮಾಡಿ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಮೊದಲ 5 ಜೋಡಿಗೆ ಬಿಳಿ ತಂತಿ ಜೊತೆಗಾರ. ಬಿಳಿ-ನೀಲಿ 1ನೇ ಜೋಡಿ. ಬಿಳಿ-ಹಸಿರು 3ನೇ ಜೋಡಿ. ಮುಂದಿನ 5 ಜೋಡಿಗೆ ಕೆಂಪು ಜೊತೆಗಾರ. ಕೆಂಪು-ನೀಲಿ 6ನೇ ಜೋಡಿ. ಲೆಕ್ಕ ಬಂತಲ್ಲ? ಕೆಂಪು-ಬೂದು ಎಷ್ಟನೇ ಜೋಡಿ? ನೀವೇ ಎಣಿಸಿ.

ಅಚ್ಚುಕಟ್ಟು ಯಾಕೆ?

ಒಂದು ಆರೋಗ್ಯ ಕೇಂದ್ರ ಇದೆ ಅಂದುಕೊಳ್ಳಿ. ರಾತ್ರಿ ಹೊತ್ತು. ಹೆರಿಗೆ ಕೋಣೆಯ ಫೋನು ಕೆಟ್ಟಿದೆ. ಡಾಕ್ಟರನ್ನು ಕರೆಯಬೇಕು. ಪೆಟ್ಟಿಗೆ ನೋಡಿದರೆ ತಂತಿಗಳೆಲ್ಲ ಗೋಜಲು. ಸಿಕ್ಕು ಬಿದ್ದ ನೂಲಿನ ಹಾಗೆ. ಹೆರಿಗೆ ಕೋಣೆಯದು ಯಾವುದು? ಯಾರಿಗೂ ಗೊತ್ತಿಲ್ಲ. ಹುಡುಕುವಷ್ಟರಲ್ಲಿ ಬೆಳಗಾಗುತ್ತೆ. ತಾಯಿಯ ನೋವು ಕಾಯುತ್ತದೆಯೇ?

ಹಾಗಾಗಿ ಅಚ್ಚುಕಟ್ಟು ಬರೀ ಚಂದಕ್ಕಲ್ಲ. ಅಚ್ಚುಕಟ್ಟಾಗಿದ್ದರೆ ತೊಂದರೆ ಬೇಗ ಸಿಗುತ್ತೆ. ಬೇಗ ಸರಿಯಾಗುತ್ತೆ.

ಕೆಲಸದ ಕ್ರಮ

1. ಮೊದಲು ನಕ್ಷೆ ಬರೆಯಬೇಕು. ಎಷ್ಟು ಕೋಣೆ? ಎಲ್ಲೆಲ್ಲಿ ಫೋನು? ನಾಳೆ ಇನ್ನೂ ಬೇಕಾಗಬಹುದು. ಆದ್ದರಿಂದ ಎರಡು ಮೂರು ಜೋಡಿ ಹೆಚ್ಚಿಗೆ ಎಳೆಯಬೇಕು.

2. ಪೆಟ್ಟಿಗೆಗೆ ಒಳ್ಳೆ ಜಾಗ ಬೇಕು. ಗೋಡೆ ಒಣಗಿರಬೇಕು. ಮಳೆ ನೀರು ಸೋರಬಾರದು. ಬಿಸಿಲು ಬೀಳಬಾರದು. ಹತ್ತಿರ ಕರೆಂಟಿನ ಪ್ಲಗ್ ಇರಬೇಕು.

3. ತಂತಿಯನ್ನು ಗೋಡೆ ಅಂಚಿನಲ್ಲಿ ನೇರವಾಗಿ ತರಬೇಕು. ಮೇಲೆ ಪ್ಲಾಸ್ಟಿಕ್ ಪಟ್ಟಿ ಮುಚ್ಚಬೇಕು. ಅದನ್ನು ಕೇಸಿಂಗ್ ಕ್ಯಾಪಿಂಗ್ ಅಂತಾರೆ. ಬಾಗಿಲ ಸಂದಿ, ಕಿಟಕಿ ಸಂದಿಯಲ್ಲಿ ತಂತಿ ತೂರಿಸಬಾರದು. ಬಾಗಿಲು ಹಾಕಿ ಹಾಕಿ ತುಂಡಾಗುತ್ತೆ.

4. ಕರೆಂಟು ತಂತಿ ಮತ್ತು ಫೋನು ತಂತಿ ಒಂದೇ ಪೈಪಿನಲ್ಲಿ ಹೋಗಬಾರದು. ಹೋದರೆ ಫೋನಿನಲ್ಲಿ ಗುಂಯ್ ಅನ್ನುತ್ತೆ. ಅಪಾಯವೂ ಹೌದು. ಒಂದು ಗೇಣಾದರೂ ದೂರ ಇರಲಿ. ದಾಟಲೇಬೇಕಾದರೆ ಕೂಡಿಸುವ ಗುರುತಿನ ಹಾಗೆ ಅಡ್ಡಕ್ಕೆ ದಾಟಲಿ.

5. ತಂತಿಯ ಎರಡೂ ತುದಿಗೆ ಚೀಟಿ ಅಂಟಿಸಬೇಕು. ಎರಡರಲ್ಲೂ ಒಂದೇ ನಂಬರು.

6. ತುದಿಗಳನ್ನು ಕೈಯಲ್ಲಿ ತಿರುಚಿ ಟೇಪು ಸುತ್ತಬಾರದು. ಅದು ಕೆಲವು ದಿನಕ್ಕೆ ಸಡಿಲವಾಗುತ್ತೆ. ಪೆಟ್ಟಿಗೆ ಕಡೆ ಕ್ರೋನ್ ಎಂಬ ಪಟ್ಟಿ ಇರುತ್ತೆ. ಅದರಲ್ಲಿ ಕ್ರೋನ್ ಟೂಲ್‌ನಿಂದ ಒತ್ತಿ ಕೂರಿಸಬೇಕು. ಫೋನಿನ ಕಡೆ ರೋಸೆಟ್ ಬಾಕ್ಸ್ ಹಾಕಬೇಕು.

7. ಕೊನೆಗೆ ಪ್ರತಿಯೊಂದು ಫೋನನ್ನೂ ಪರೀಕ್ಷೆ ಮಾಡಬೇಕು. ಹೋಗುವ ಕರೆ, ಬರುವ ಕರೆ ಎರಡನ್ನೂ ನೋಡಬೇಕು.

ಬರೆದಿಡೋಣ

ಈಗ ನಮ್ಮ ಅಕ್ಷರದ ಕೆಲಸ. ಒಂದು ಹಾಳೆಯಲ್ಲಿ ಹೀಗೆ ಬರೆಯೋಣ:

ಜೋಡಿ 1 – ಬಿಳಿ-ನೀಲಿ – ಡಾಕ್ಟರ ಕೋಣೆ – ನಂಬರು 21
ಜೋಡಿ 2 – ಬಿಳಿ-ಕಿತ್ತಳೆ – ಹೆರಿಗೆ ಕೋಣೆ – ನಂಬರು 22
ಜೋಡಿ 3 – ಬಿಳಿ-ಹಸಿರು – ಔಷಧ ಕೋಣೆ – ನಂಬರು 23

ಈ ಹಾಳೆ ಪೆಟ್ಟಿಗೆಯ ಪಕ್ಕದಲ್ಲೇ ಇರಲಿ. ಫೋನು ಕೆಟ್ಟರೆ ಮೆಕ್ಯಾನಿಕ್‌ಗೆ ತೋರಿಸಬಹುದು. ಅವರು ಹುಡುಕುತ್ತಾ ಕೂರಬೇಕಿಲ್ಲ.

ಇನ್ನೊಂದು ಮಾತು. ಇದು ಜೀವ ಉಳಿಸುವ ಮಾತು. ಇಂಟರ್‌ಕಾಂನಿಂದ ಹೊರಗೆ ಮಾತಾಡಲು ಮೊದಲು ಒಂದು ಅಂಕಿ ಒತ್ತಬೇಕು. ಕೆಲವು ಕಡೆ 0, ಕೆಲವು ಕಡೆ 9. ಆಂಬುಲೆನ್ಸ್‌ಗೆ ಬರೀ 108 ಒತ್ತಿದರೆ ಹೋಗದೇ ಇರಬಹುದು. ನಿಮ್ಮ ಕಚೇರಿಯ ಅಂಕಿ ಯಾವುದು? ಕೇಳಿ ತಿಳಿಯಿರಿ. ಅದು 0 ಆದರೆ ಚೀಟಿಯಲ್ಲಿ ಹೀಗೆ ಬರೆಯಿರಿ: "ಆಂಬುಲೆನ್ಸ್: ಮೊದಲು 0, ಆಮೇಲೆ 108". ಪ್ರತಿ ಫೋನಿನ ಹತ್ತಿರವೂ ಅಂಟಿಸಿ.

ಕರೆಂಟು ಹೋದರೆ? ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ ಇಂಟರ್‌ಕಾಂ ನಿಲ್ಲುತ್ತೆ. ಆದರೆ ಎಷ್ಟೋ ಪೆಟ್ಟಿಗೆಗಳಲ್ಲಿ ಹೊರಗಿನ ಒಂದು ಲೈನು ತಾನಾಗಿಯೇ ಒಂದು ಫೋನಿಗೆ ಸೇರಿಕೊಳ್ಳುತ್ತೆ. ಅದು ಯಾವ ಫೋನು? ಅದನ್ನೂ ಕೇಳಿ ಬರೆದಿಡಿ.

ಎಚ್ಚರ

ಪೆಟ್ಟಿಗೆಗೆ 230 ವೋಲ್ಟ್ ಕರೆಂಟು ಬರುತ್ತೆ. ಅದರ ಮುಚ್ಚಳ ನಾವು ತೆಗೆಯಬಾರದು. ಫೋನು ರಿಂಗ್ ಆಗುವಾಗ ಅದರ ತಂತಿಯಲ್ಲೂ ಕರೆಂಟು ಹೆಚ್ಚಾಗುತ್ತೆ. ಬರಿಗೈಲಿ ಮುಟ್ಟಿದರೆ ಜುಂ ಅನ್ನುತ್ತೆ. ಒದ್ದೆ ಕೈ ಬೇಡವೇ ಬೇಡ. ಗುಡುಗು ಸಿಡಿಲು ಬಂದಾಗ ತಂತಿಯ ಫೋನಿನಲ್ಲಿ ಮಾತಾಡಬಾರದು. ಪೆಟ್ಟಿಗೆಗೆ ಅರ್ಥಿಂಗ್ ಇದೆಯೇ ಅಂತ ಕೇಳಬೇಕು.

ಇದು ಗಂಡಸರ ಕೆಲಸವೇ?

ಕೆಲವರು ಹಾಗಂತಾರೆ. ನಿಜವಲ್ಲ. ಬೆಂಗಳೂರಿನ ದೂರವಾಣಿ ನಗರದಲ್ಲಿ ಐ.ಟಿ.ಐ. ಕಾರ್ಖಾನೆ 1948ರಲ್ಲಿ ಶುರುವಾಯಿತು. ದೇಶಕ್ಕೆಲ್ಲ ಫೋನು ಮಾಡಿಕೊಟ್ಟ ಆ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳೂ ಕೆಲಸ ಮಾಡಿದ್ದಾರೆ. ಹೂವು ಕಟ್ಟುವ ಕೈ, ಕಸೂತಿ ಹಾಕುವ ಕೈ ಸಣ್ಣ ತಂತಿ ಜೋಡಿಸಲಾರದೇ?

ಈಗ ಹೊಸ ಕಚೇರಿಗಳಲ್ಲಿ ಕಂಪ್ಯೂಟರಿನ ತಂತಿಯಲ್ಲೇ ಫೋನು ಓಡುತ್ತೆ. ಆ ತಂತಿಯಲ್ಲಿ 4 ಜೋಡಿ. ಬಣ್ಣ ಅವೇ: ನೀಲಿ, ಕಿತ್ತಳೆ, ಹಸಿರು, ಕಂದು. ಕಲಿತದ್ದು ವ್ಯರ್ಥ ಆಗಲ್ಲ. ನಮ್ಮ ಹೆಣ್ಣುಮಕ್ಕಳಿಗೂ ಈ ಕೆಲಸ ಕಲಿಸೋಣ.

ತಂತಿ ತನ್ನ ಹೆಸರು ತಾನು ಹೇಳಲ್ಲ. ನಾವು ಬರೆದ ಚೀಟಿ ಹೇಳುತ್ತೆ.

ಓದಿ, ಹೇಳಿ

1. 3ನೇ ಜೋಡಿಯ ಬಣ್ಣ ಯಾವುದು?
2. ಕರೆಂಟು ತಂತಿಯಿಂದ ಫೋನು ತಂತಿ ದೂರ ಇರಬೇಕು. ಯಾಕೆ?
3. ನಿಮ್ಮ ಕಚೇರಿಯ ಫೋನಿಗೆ ಒಂದು ಆಂಬುಲೆನ್ಸ್ ಚೀಟಿ ಬರೆಯಿರಿ.