ಮುಳ್ಳನ್ನು ಅರಿಯದ ಚೂರಿ

ಅಮೆರಿಕದ ಮಿನೆಸೋಟ ರಾಜ್ಯ ಸರೋವರಗಳ ನಾಡು. ಬೇಸಿಗೆಯ ಸಂಜೆ ಅಲ್ಲಿನ ದಂಡೆಗಳಲ್ಲಿ ಮೀನು ಶುಚಿಮಾಡುವ ಕಟ್ಟೆಯ ಬಳಿ ನಿಂತರೆ ‘ಗುರ್ರ್’ ಎಂಬ ಸದ್ದು ಕೇಳಿಸುವುದುಂಟು. ಅದು ವಿದ್ಯುತ್ ಚೂರಿಯ ಸದ್ದು. ಗಾಳ ಹಾಕಿ ಹಿಡಿದ ‘ವಾಲ್‌ಐ’ ಮೀನು ನೋಡನೋಡುತ್ತಿದ್ದಂತೆ ಮುಳ್ಳಿಲ್ಲದ ಮಾಂಸದ ಪಟ್ಟಿಗಳಾಗುತ್ತದೆ. ಈ ಪಟ್ಟಿಗೆ ‘ಫಿಲೆಟ್’ ಎಂದು ಹೆಸರು. ವಾಲ್‌ಐ 1965ರಿಂದ ಮಿನೆಸೋಟದ ರಾಜ್ಯಮೀನು.

ನಮ್ಮ ಕರಾವಳಿಯಲ್ಲಿ ಬಂಗುಡೆಯನ್ನು ಮುಳ್ಳಿನೊಂದಿಗೇ ಸಾರಿಗೆ ಹಾಕುತ್ತಾರೆ. ಮುಳ್ಳು ಬಿಡಿಸುವ ಕೆಲಸ ಉಣ್ಣುವವರದು. ಫಿಲೆಟ್ ತಿನ್ನುವ ನಾಡಿನಲ್ಲಿ ಆ ಕೆಲಸ ಕೊಯ್ಯುವವರದು!

ಬೇಯಿಸಿದ ಮಾಂಸವನ್ನು ಊಟದ ಮೇಜಿನ ಮೇಲೆ ಕೊಯ್ಯಲೆಂದು 1960ರ ದಶಕದಲ್ಲಿ ಜನಪ್ರಿಯವಾದ ಸಾಧನವಿದು. ಗರಗಸದಂಥ ಹಲ್ಲುಗಳುಳ್ಳ ಎರಡು ಅಲಗುಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತವೆ. ಹಿಡಿಯೊಳಗಿನ ಮೋಟಾರಿನ ತಿರುಗಾಟ, ಅಲಗುಗಳಲ್ಲಿ ಹಿಂದೆ ಮುಂದೆ ಓಡುವ ಚಲನೆಯಾಗುತ್ತದೆ. ಒಂದು ಅಲಗು ಮುಂದಕ್ಕೆ ಹೋದಾಗ ಇನ್ನೊಂದು ಹಿಂದಕ್ಕೆ. ಒಂದರ ಎಳೆತಕ್ಕೆ ಇನ್ನೊಂದರ ತಳ್ಳಾಟ ಸರಿಹೋಗುವುದರಿಂದ ಮೆತ್ತನೆಯ ಮಾಂಸ ಜಾರದೆ ನಿಂತಲ್ಲೇ ಕೊಯ್ಯಲ್ಪಡುತ್ತದೆ.

ಮೊದಲು ಕಿವಿರಿನ ಹಿಂದೆ, ಬೆನ್ನೆಲುಬು ತಾಗುವವರೆಗೆ ಒಂದು ಕೊಯ್ತ. ಅಲ್ಲಿಂದ ಅಲಗನ್ನು ಬಾಲದ ಕಡೆಗೆ ಹೊರಳಿಸಿ ಬೆನ್ನೆಲುಬಿನ ಗುಂಟ ಸಾಗಬೇಕು. ಬಾಲದ ಬಳಿ ಚರ್ಮ ತುಂಡಾಗದಂತೆ ನಿಲ್ಲಿಸಿ, ಪಟ್ಟಿಯನ್ನು ಆಚೆಗೆ ಮಗುಚಿ, ಚರ್ಮ ಮತ್ತು ಮಾಂಸದ ನಡುವೆ ಅಲಗು ಹಾಯಿಸಿದರೆ ಒಂದು ಮಗ್ಗುಲು ಮುಗಿಯಿತು.

ತೊಡಕಿರುವುದು ಇಲ್ಲೇ. ಕೈಚೂರಿಯ ತುದಿಗೆ ಮುಳ್ಳು ತಾಗಿದರೆ ಬೆರಳಿಗೆ ತಿಳಿಯುತ್ತದೆ. ವಿದ್ಯುತ್ ಚೂರಿ ಪಕ್ಕೆಲುಬುಗಳನ್ನೂ ಸದ್ದಿನಲ್ಲೇ ಕತ್ತರಿಸಿ ಮುಂದೆ ಹೋಗುತ್ತದೆ. ಆ ತುಂಡುಗಳು ಪಟ್ಟಿಯಲ್ಲೇ ಉಳಿದರೆ ಮಗುವಿನ ಗಂಟಲಿಗೆ ಸಿಕ್ಕಬಹುದು. ಆದ್ದರಿಂದ ಅನುಭವಿಗಳು ಕೊನೆಗೆ ತೆಳು ಕೈಚೂರಿಯಿಂದ ಪಕ್ಕೆಲುಬಿನ ಭಾಗವನ್ನು ತೆಗೆದು, ಬೆರಳಾಡಿಸಿ ನೋಡುತ್ತಾರೆ.

ಚೂರಿ ಮುಳ್ಳನ್ನು ಅರಿಯದಂತೆ ಬೆರಳನ್ನೂ ಅರಿಯದು. ಮೀನಿನ ಲೋಳೆಯಿಂದ ಕೈ ಜಾರುತ್ತದೆ. ಮೀನು ಹಿಡಿಯುವ ಕೈಗೆ ಕೊಯ್ತ ತಡೆಯುವ ಕೈಗವಸು ಬೇಕು. ಅಲಗು ಕಳಚುವ ಮೊದಲು ಪ್ಲಗ್ ಅಥವಾ ಬ್ಯಾಟರಿ ತೆಗೆಯಬೇಕು. ವೈರು ಇರುವ ಚೂರಿ ನೀರಿನಿಂದ ದೂರವಿರಬೇಕು. ಮಕ್ಕಳ ಕೈಗೆ ಒಂಟಿಯಾಗಿ ಕೊಡಲೇಬಾರದು.

ಇನ್ನೊಂದು ಸ್ವಾರಸ್ಯ: ಚರ್ಮ ಸುಲಿದ ಮೇಲೆ ಯಾವ ಮೀನೆಂದು ಗುರುತಿಸುವುದು ಕಷ್ಟ. ಹಿಡಿಯಬಹುದಾದ ಮೀನುಗಳಿಗೆ ಮಿತಿ ಇರುವುದರಿಂದ, ವಾಲ್‌ಐ ಪಟ್ಟಿಗಳನ್ನು ಸಾಗಿಸುವಾಗ ಹುರುಪೆ ಸಹಿತ ಒಂದು ಚದರ ಅಂಗುಲ ಚರ್ಮ ಉಳಿಸಬೇಕೆಂಬುದು ಮಿನೆಸೋಟದ ನಿಯಮ.

ಹಾಗಾದರೆ ಕಲಿಯುವವರು ಎಲ್ಲಿಂದ ಆರಂಭಿಸಬೇಕು? ಕೈಚೂರಿಯಿಂದಲೇ, ದೊಡ್ಡವರ ಎದುರಿನಲ್ಲಿ. ಬೆನ್ನೆಲುಬು ಎಲ್ಲಿ, ಪಕ್ಕೆಲುಬು ಎಲ್ಲಿ ಎಂದು ಬೆರಳಿಗೆ ತಿಳಿದ ಮೇಲೆ ಯಂತ್ರ ಬರಲಿ. ಮಗ್ಗಿ ಬಾಯಿಪಾಠವಾದ ಮೇಲಲ್ಲವೇ ಕ್ಯಾಲ್‌ಕ್ಯುಲೇಟರ್?