ಹುಲ್ಲಿನ ಅಡೆಯಲ್ಲಿ ಹಣ್ಣಾಗುವ ಮಾವು

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಸೀಮೆಗೆ ಭದ್ರಾ ನಾಲೆಯ ನೀರಿನೊಂದಿಗೆ ಭತ್ತ ಬಂತು. ಭತ್ತದೊಂದಿಗೆ ಹುಲ್ಲಿನ ಬಣವೆಯೂ ಬಂತು. ಭತ್ತ ಬೆಳೆಯುವ ಊರುಗಳಲ್ಲೆಲ್ಲ ಈ ಹುಲ್ಲು ದನಕರುಗಳಿಗೆ ಮೇವಾದಂತೆ, ಬೇಸಿಗೆಯಲ್ಲಿ ಮಾವಿನಕಾಯಿಗೆ ಹಾಸಿಗೆಯೂ ಆಗುತ್ತದೆ. ಬಲಿತ ಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವುದಕ್ಕೆ ‘ಅಡೆ ಹಾಕುವುದು’ ಎನ್ನುತ್ತಾರೆ.

ಅಡೆಗೆ ಹಾಕುವ ಕಾಯಿ ನೆಲಕ್ಕೆ ಬಿದ್ದು ಪೆಟ್ಟು ತಿಂದಿರಬಾರದು. ತುಸು ತೊಟ್ಟು ಉಳಿಸಿ ಕೊಯ್ದರೆ ಸೊನೆ ಸಿಪ್ಪೆಗೆ ತಗುಲಿ ಕಲೆಯಾಗುವುದು ತಪ್ಪುತ್ತದೆ. ಒಣ ಹುಲ್ಲಿನ ಮೇಲೆ ಕಾಯಿಗಳನ್ನು ಒಂದು ಪದರ ಹರಡಿ ಮತ್ತೆ ಹುಲ್ಲು ಮುಚ್ಚುತ್ತಾರೆ. ಎರಡು ದಿನಕ್ಕೊಮ್ಮೆ ಬಿಚ್ಚಿ ನೋಡಿ ಹಣ್ಣಾದದ್ದನ್ನೂ ಕೊಳೆತದ್ದನ್ನೂ ತೆಗೆದು, ದೋರೆಗಾಯಿಗಳನ್ನು ಪುನಃ ಮುಚ್ಚಿಡುತ್ತಾರೆ.

ಇದರ ಗುಟ್ಟು ಎಥಿಲೀನ್ ಎಂಬ ಅನಿಲದಲ್ಲಿದೆ. ಮಾಗುವ ಹಣ್ಣು ತಾನೇ ಈ ಅನಿಲವನ್ನು ಹೊರಬಿಡುತ್ತದೆಂಬುದು 1934ರಲ್ಲಿ ಖಚಿತವಾಯಿತು. ಹುಲ್ಲು ಬಿಸುಪನ್ನೂ ಅನಿಲವನ್ನೂ ಹಿಡಿದಿಡುವುದರಿಂದ ಒಂದು ಹಣ್ಣು ಪಕ್ಕದ ಕಾಯಿಯನ್ನು ಮಾಗಿಸುತ್ತದೆ. ಪೆಟ್ಟಾದ ಹಣ್ಣು ಹೆಚ್ಚು ಅನಿಲ ಬಿಡುತ್ತದೆ. ಅದನ್ನು ಬೇರ್ಪಡಿಸುವ ರೂಢಿಗೆ ಇದೂ ಒಂದು ಕಾರಣ. ಬಾಳೆ, ಸಪೋಟ, ಪರಂಗಿ, ಹಲಸುಗಳೂ ಹೀಗೆ ಕೊಯ್ದ ಮೇಲೆ ಮಾಗುವಂಥವು. ಕಿತ್ತಳೆ, ದ್ರಾಕ್ಷಿ, ದಾಳಿಂಬೆ, ಅನಾನಸು ಹಾಗಲ್ಲ. ಅವುಗಳನ್ನು ಎಷ್ಟು ದಿನ ಇಟ್ಟರೂ ಸಿಹಿ ಹೆಚ್ಚದು.

ಕಾಯಿಯನ್ನು ಫ್ರಿಜ್ಜಿನಲ್ಲಿಡುವುದು ಸಲ್ಲದು. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶೀತದಲ್ಲಿ ಮಾವು ಮಾಗುವ ಶಕ್ತಿ ಕಳೆದುಕೊಂಡು, ಸಿಪ್ಪೆ ಕಪ್ಪಾಗುತ್ತದೆ. ಪೂರ್ತಿ ಮಾಗಿದ ಹಣ್ಣನ್ನು ಮಾತ್ರ ಕೆಲವು ದಿನ ತಂಪಿನಲ್ಲಿಡಬಹುದು.

ಅಡೆಗೆ ತಾಳ್ಮೆ ಬೇಕು, ವ್ಯಾಪಾರಕ್ಕೆ ಅವಸರ. ಈ ಅವಸರದಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಬಳಕೆಗೆ ಬಂತು. ತೇವ ತಗುಲಿದರೆ ಅದರಿಂದ ಅಸಿಟಿಲೀನ್ ಅನಿಲ ಹೊರಡುತ್ತದೆ. ಸಿಪ್ಪೆ ಹಳದಿಯಾದರೂ ಒಳಗಿನ ಹುಳಿ ಹೋಗುವುದಿಲ್ಲ. ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕಗಳ ಅಂಶವೂ ಇರಬಹುದು. ಆದ್ದರಿಂದಲೇ ಹಣ್ಣು ಮಾಡಲು ಅದರ ಬಳಕೆಯನ್ನು ಕಾನೂನು ನಿಷೇಧಿಸಿದೆ. ಇದಕ್ಕೆ ಬದಲಾಗಿ 2016ರಲ್ಲಿ, ಮಿತ ಪ್ರಮಾಣದ ಎಥಿಲೀನ್ ಅನಿಲದ ಬಳಕೆಗೆ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿಗೆ ನೀಡಿತು. ಅಡೆಯೊಳಗೆ ತಾನಾಗಿ ನಡೆಯುತ್ತಿದ್ದುದು ಅದೇ.

ಚನ್ನಗಿರಿ ಸೀಮೆಯಲ್ಲಿ ಈಗ ಅಡಿಕೆ ತೋಟಗಳು ಗದ್ದೆಗಳನ್ನು ಆವರಿಸಿವೆ. ಗದ್ದೆ ಕರಗಿದಂತೆ ಬಣವೆಯೂ ಕರಗುತ್ತದೆ. ಹುಲ್ಲು ಸಿಗದ ಮನೆಯಲ್ಲಿ ಗೋಣಿಚೀಲವೋ ಹಳೆಯ ಪತ್ರಿಕೆಯೋ ಸಾಕು. ಜೊತೆಗೊಂದು ಮಾಗಿದ ಬಾಳೆಹಣ್ಣಿಟ್ಟರೆ ಕೆಲಸ ಬೇಗ. ತೊಟ್ಟಿನ ಬಳಿ ಮೂಗಿಟ್ಟು ನೋಡಿದಾಗ ಪರಿಮಳ ಬಂದರೆ ಹಣ್ಣು ಸಿದ್ಧ, ಬಣ್ಣವನ್ನಷ್ಟೇ ನಂಬುವಂತಿಲ್ಲ.